ಅಕ್ಷರದ ಅಂಚು

ಅಕ್ಷರಗಳ ಅಂಚು ಇವತ್ತೂ ಕರಗಿತ್ತು. ಪುಷ್ಪಲತಾ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನೋಡಿದಳು, ಮುಂದಕ್ಕೆ ಎಳೆದುಕೊಂಡು ನೋಡಿದಳು, ಸೆರಗಿನ ತುದಿಯಿಂದ ಪರದೆ ಒರೆಸಿದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅದೇ ತುದಿಯಿಂದ ಕಣ್ಣನ್ನೂ ಒರೆಸಿಕೊಂಡಳು. ಅಕ್ಷರದ ಹೊಟ್ಟೆ ಕಪ್ಪಾಗಿಯೇ ಇತ್ತು. ಅಂಚಿನಲ್ಲಿ ಮಾತ್ರ, ಹಸಿ ಕಾಗದದ ಮೇಲೆ ಮಸಿ ಇಳಿದಂತೆ, ಒಂದು ಬೂದು ಹರಡಿಕೊಂಡಿತ್ತು. ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕುಳಿತಿದ್ದವು. ರಾಣೆಬೆನ್ನೂರಿನ ಈ ಪ್ರೆಸ್ಸಿನಲ್ಲಿ ಮದುವೆಯ ಕಾರ್ಡು, ಗೃಹಪ್ರವೇಶದ ಕಾರ್ಡು, ಪುಣ್ಯಸ್ಮರಣೆಯ ಕಾರ್ಡುಗಳನ್ನು ಟೈಪು ಮಾಡುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ತಪ್ಪು ಹುಡುಕಲು ಅವಳು ಓದಬೇಕಾಗಿರಲಿಲ್ಲ, ಅಕ್ಕಿಯಲ್ಲಿ ಕಲ್ಲು ಕಂಡ ಹಾಗೆ ತಾನಾಗಿ ಕಾಣುತ್ತಿತ್ತು. ಈಗ ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತಿದ್ದಳು. ಬೆರಳಿಟ್ಟು ಓದುವುದನ್ನು ಯಾರಾದರೂ ನೋಡಿಯಾರೆಂದು, ಲೆಕ್ಕ ಮಾಡುತ್ತಿರುವವಳಂತೆ ತುಟಿ ಅಲುಗಿಸುತ್ತಿದ್ದಳು.

ಹೊಸ ಲ್ಯಾಪ್‌ಟಾಪನ್ನು ಮಾಲಕ ಹಾಲೇಶಪ್ಪ ಹುಬ್ಬಳ್ಳಿಯಿಂದ ತಂದದ್ದು ದೀಪಾವಳಿಯ ಮೇಲೆ. ಅಚ್ಚಿನ ಮೊಳೆಗಳ ಕಾಲದಿಂದ ಬಂದ ಮನುಷ್ಯ, ಕಂಪ್ಯೂಟರನ್ನು ಮುಟ್ಟುವಾಗ ಇವತ್ತಿಗೂ ಕೈ ಒರೆಸಿಕೊಳ್ಳುವವನು. ಈಗಿನ ಗಿರಾಕಿಗಳು ಮದುವೆಗೆ ಮೊದಲೇ ತೆಗೆಸಿದ ಫೋಟೋ ತಂದು ಕಾರ್ಡಿನ ಮೇಲೆ ಹಾಕಿರೆಂದು ಕೇಳುತ್ತಾರೆ, ಅದಕ್ಕೆ ಒಳ್ಳೆಯ ಸ್ಕ್ರೀನು ಬೇಕು ಎಂದು ಯಾರೋ ಹೇಳಿದ್ದರು. ಮೊದಲ ದಿನ ತೆರೆದಾಗ ಎಲ್ಲವೂ ಇರುವೆಯ ಸಾಲಿನಷ್ಟು ಸಣ್ಣದಾಗಿ ಕಂಡು ಅವನು ಗಾಬರಿಯಾಗಿದ್ದ. ಅಂಗಡಿಯವರಿಗೆ ಫೋನು ಮಾಡಿ, ಅವರು ಹೇಳಿದಂತೆ ಒತ್ತುತ್ತ ಹೋಗಿ ಎಲ್ಲವನ್ನೂ ಎರಡೂವರೆ ಪಟ್ಟು ದೊಡ್ಡದು ಮಾಡಿಸಿಕೊಂಡ. ಆಮೇಲೆ ಒಂದು ಮದುಮಗಳ ಫೋಟೋ ತೆರೆದು ಪುಷ್ಪಲತಾಳನ್ನು ಕರೆದ. ಜರಿಯ ಎಳೆ ಎಳೆ ಕಾಣುತ್ತಿತ್ತು, ರೆಪ್ಪೆಯ ಕೂದಲು ಬೇರೆ ಬೇರೆಯಾಗಿ ನಿಂತಿದ್ದವು. ‘ಕನ್ನಡಿ ಆದಂಗ ಐತಿ ನೋಡವಾ’ ಎಂದ. ಹೌದೆಂದಳು. ಅವನು ಎದ್ದ ಮೇಲೆ ತನ್ನ ಹಳೆಯ ಪುಟ ಕಟ್ಟುವ ಪ್ರೋಗ್ರಾಮು ತೆರೆದಳು. ಅಕ್ಷರಗಳು ನೀರಿನಲ್ಲಿ ಬಿದ್ದ ಹಾಗಿದ್ದವು. ಅದೇ ಗಾಜು, ಅದೇ ಬೆಳಕು, ಅದೇ ಕಣ್ಣು. ಫೋಟೋ ನಿಚ್ಚಳವಾಗಿದೆಯೆಂದ ಮೇಲೆ ಇದು ಯಂತ್ರದ ದೋಷವಿರಬೇಕು ಎಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಕಣ್ಣು ಕಳೆದುಕೊಂಡ ಕರಿಯವ್ವನ ಮಗಳು ಹಾಗೆ ಅಂದುಕೊಳ್ಳಲಾರಳು. ಹೋಗುವ ಕಣ್ಣು ಮೊದಲು ಸಣ್ಣದನ್ನು ಬಿಡುತ್ತದೆ, ಆಮೇಲೆ ದೊಡ್ಡದನ್ನು. ಈಗ ಅಕ್ಷರ, ನಾಳೆ ಮುಖ. ಅವಳು ಯಾರಿಗೂ ಏನೂ ಹೇಳಲಿಲ್ಲ. ಅಚ್ಚಾಗಿ ಬಂದ ಪ್ರೂಫು ಕಿಟಕಿಯ ಬೆಳಕಿನಲ್ಲಿ ಸ್ವಚ್ಛ ಕಂಡಾಗ, ಬಿಸಿಲಿಗೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ ಎಂದುಕೊಂಡು ಅದನ್ನು ಮಡಿಸಿಟ್ಟಳು.

ಬ್ಯಾಡಗಿಯಲ್ಲಿ ಅವ್ವ ತಗಡಿನ ಶೆಡ್ಡಿನೊಳಗೆ ಹೆಂಗಸರ ಸಾಲಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಬಾಯಿಗೆ, ಮೂಗಿಗೆ ಬಟ್ಟೆ, ಕಣ್ಣು ಮಾತ್ರ ಹೊರಗೆ. ಸಂಜೆ ಮನೆಗೆ ಬಂದರೆ ಅವಳ ಹಿಂದೆಯೇ ಖಾರದ ಗಾಳಿಯೂ ಬಂದು ಎಲ್ಲರೂ ಸೀನುತ್ತಿದ್ದರು. ಪುಷ್ಪಲತಾ ಆಗ ಕಾಲೇಜು ಮುಗಿಸಿ ಟೈಪಿಂಗ್ ಕಲಿಯುತ್ತಿದ್ದಳು, ಖಾರದ ವಾಸನೆ ತನ್ನ ಬಟ್ಟೆಗೂ ಹತ್ತಿದೆಯೆಂಬ ಅನುಮಾನದಲ್ಲಿ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ‘ಯಾಕೋ ಕಣ್ಣಾಗ ಬರೋಬರಿ ಕಾಣವಲ್ದವಾ’ ಎಂದು ಅವ್ವ ಅಂದದ್ದು ಒಂದು ಸಲವಲ್ಲ. ಖಾರಕ್ಕ ಹಂಗ ಆಗತೈತಿ, ತಣ್ಣೀರು ಹೊಡಕೊ ಎಂದು ಇವಳು ಅಂದದ್ದೂ ಒಂದು ಸಲವಲ್ಲ. ಹೇಳುವಾಗ ತಲೆ ಎತ್ತಿದ್ದಳೋ ಇಲ್ಲವೋ. ಆಮೇಲೆ ರಾಣೆಬೆನ್ನೂರಿನಿಂದ ಸಿದ್ದಲಿಂಗೇಶನ ಕಡೆಯವರು ಹೆಣ್ಣು ನೋಡಲು ಬಂದರು. ಅವ್ವ ಚಹಾದ ತಾಟು ಹಿಡಿದು ಬಂದವಳು, ಬದಿಗಿದ್ದ ಮಣೆಗೆ ಕಾಲು ತಾಗಿ, ಅಷ್ಟೂ ಕಪ್ಪುಗಳನ್ನು ಹುಡುಗನ ತಾಯಿಯ ಮಡಿಲಿಗೆ ಹಾಕಿದಳು. ಒಳಗೆ, ಒಲೆಯ ಮುಂದೆ, ಪುಷ್ಪಲತಾ ಅವ್ವನ ಎರಡೂ ತೋಳು ಹಿಡಿದು, ಮುಖದ ಹತ್ತಿರ ಮುಖ ತಂದು, ಕಣ್ಣು ಎಲ್ಲಿಟ್ಟಿದ್ದಿ, ಮಂದಿ ಮುಂದ ಮಾನ ಕಳದಿ ಅಂದಳು. ಗಟ್ಟಿಯಾಗಿ ಅನ್ನಲಿಲ್ಲ. ಹೊರಗೆ ಕೇಳಬಾರದೆಂದು ಹಲ್ಲು ಕಚ್ಚಿ ಅಂದಳು. ಅವ್ವ ಅವಳನ್ನೇ ನೋಡುತ್ತಿದ್ದಳು, ಬಹಳ ಗಮನವಿಟ್ಟು, ಒಂದು ಚಿತ್ರವನ್ನು ನೋಡುವ ಹಾಗೆ.

ಮದುವೆಯೇನೋ ಆಯಿತು. ಸಿದ್ದಲಿಂಗೇಶ ಬೀಜದ ಕಂಪನಿಯೊಂದರಲ್ಲಿ ನೌಕರಿಯವನು, ಒಳ್ಳೆಯವನು, ಆ ಚಹಾದ ಸಂಗತಿಯನ್ನು ನಗುತ್ತ ನೆನೆಯುವಷ್ಟು ಒಳ್ಳೆಯವನು. ಮದುವೆಯಾಗಿ ಎರಡು ಮಳೆಗಾಲ ಕಳೆದ ಮೇಲೆ ಅಣ್ಣ ಮಾಲತೇಶ ಅವ್ವನನ್ನು ಹುಬ್ಬಳ್ಳಿಗೆ ಕರೆದೊಯ್ದ. ಕಣ್ಣಿನ ಒತ್ತಡ ಏರಿ ಒಳಗಿನ ನರ ಒಣಗಿದೆ, ಎರಡು ವರ್ಷ ಮೊದಲು ಬಂದಿದ್ದರೆ ಕಣ್ಣು ಉಳಿಯುತ್ತಿದ್ದವು ಎಂದು ಅಲ್ಲಿನ ಡಾಕ್ಟರು ಹೇಳಿದರು. ಮಕ್ಕಳೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದೂ ಹೇಳಿದರು. ಅಣ್ಣ ಫೋನಿನಲ್ಲಿ ಎರಡನ್ನೂ ಹೇಳಿದ. ಪುಷ್ಪಲತಾಳಿಗೆ ಮೊದಲನೆಯದು ಮಾತ್ರ ಕೇಳಿಸಿತು. ಎರಡು ವರ್ಷ ಮೊದಲು ಅಂದರೆ ಒಲೆಯ ಮುಂದಿನ ಆ ಹೊತ್ತು. ಅವ್ವ ಕೊನೆಯದಾಗಿ ಪೂರ್ತಿ ಕಂಡ ತನ್ನ ಮುಖ ಅದೇ ಇದ್ದೀತು, ಹಲ್ಲು ಕಚ್ಚಿದ್ದು, ಬಿಗಿದದ್ದು. ಆ ಕತ್ತಲೆಯೊಳಗೆ ಅವಳಿಗೆ ನೋಡಲು ಬೇರೇನೂ ಇಲ್ಲದೆ ಅದನ್ನೇ ನೋಡುತ್ತ ಕುಳಿತಿದ್ದಾಳು. ಊಟಕ್ಕೆ ಕುಳಿತಾಗ, ಬಸ್ಸಿನಲ್ಲಿ, ಕನ್ನಡಿಯ ಮುಂದೆ ಕುಂಕುಮ ಇಡುವಾಗ ಆ ಮುಖ ಎದ್ದು ಬರುತ್ತಿತ್ತು. ಕಣ್ಣು ತೋರಿಸಿಕೊಳ್ಳಲು ಅವಳು ಇಷ್ಟು ವರ್ಷ ಹೋಗಿರಲಿಲ್ಲ. ಹೋಗದಿರುವುದಕ್ಕೆ ಕಾರಣವನ್ನೂ ಹುಡುಕಿರಲಿಲ್ಲ.

ಮಧ್ಯಾಹ್ನ ಅಂದಾನೆಪ್ಪ ಬಂದ. ಮಗಳ ಮದುವೆಯ ಕಾರ್ಡಿನ ಕಟ್ಟುಗಳನ್ನು ಹಿಂದಿನ ದಿನವಷ್ಟೇ ಒಯ್ದವನು ಅವನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಜಗಳದವನಲ್ಲ. ಒಂದು ಕಾರ್ಡು ತೆಗೆದು ಅವಳ ಮುಂದೆ ಇಟ್ಟು, ನಮ್ಮ ಅಡ್ಡಹೆಸರು ಓದ್ರಿ ಅಂದ. ಹುಲ್ಲತ್ತಿ ಎಂದಿರಬೇಕಾದಲ್ಲಿ ಹುಲ್ಲಲ್ಲಿ ಎಂದಿತ್ತು. ಬೀಗರಿಗೆ ಮೊದಲ ಕಾರ್ಡು ಕೊಟ್ಟಾಗ ಅವರು ಓದಿ, ಮದುವೆ ಹುಲ್ಲಿನೊಳಗೇನು ಎಂದು ನಕ್ಕರಂತೆ. ಅವನು ಅದನ್ನು ನಗದೆ ಹೇಳಿದ. ಪುಷ್ಪಲತಾ ಕಾರ್ಡನ್ನು ನೋಡಿದಳು, ಪರದೆಯಲ್ಲಿ ಅದೇ ಕಡತ ತೆರೆದು ನೋಡಿದಳು. ಅಲ್ಲಿ ಅದು ತ್ತಿಯೂ ಆಗಿತ್ತು, ಲ್ಲಿಯೂ ಆಗಿತ್ತು. ಏನೆಂದು ನೋಡಿದರೆ ಅದಾಗಿ ಕಾಣುತ್ತಿತ್ತು. ಎಡಗಡೆಯಿಂದ ‘ಬಿಡು, ಬ್ಯಾರೆ ಹಾಕಿ ಕೊಡೂಣು’ ಎಂಬ ಮಾತು ಕೇಳಿ ಬೆಚ್ಚಿದಳು. ಹಾಲೇಶಪ್ಪ ಪಕ್ಕದಲ್ಲೇ ನಿಂತಿದ್ದ, ಯಾವಾಗ ಬಂದನೋ. ಅವನು ಬೈಯಲಿಲ್ಲ. ಅಂದಾನೆಪ್ಪನಿಗೆ ಚಹಾ ತರಿಸಿದ, ಹೊಸ ಕಾಗದವನ್ನು ತಾನೇ ಮಾಳಿಗೆಯಿಂದ ಇಳಿಸಿದ. ಇಳಿಸುತ್ತ, ಇತ್ತೀಚೆಗೆ ನಿನ್ನ ಮೈಯಾಗ ಆರಾಮ ಐತೋ ಇಲ್ಲೋ ಎಂದು ಕೇಳಿದ ದನಿಯಲ್ಲಿ ಬೈಗಳಕ್ಕಿಂತ ಹೆಚ್ಚಿನದೇನೋ ಇತ್ತು. ಕೆಲಸದಿಂದ ಬಿಡಿಸುವ ಮುಂಚೆ ಜನ ಹೀಗೆಯೇ ಮೃದುವಾಗುತ್ತಾರೆ. ಆರಾಮ ಅದೀನ್ರಿ ಎಂದಳು. ಹೀಗೇ ಆಗಬೇಕಾಗಿತ್ತು ಎಂದು ಒಳಗೆ ಯಾರೋ ಸಮಾಧಾನದಿಂದ ಅಂದಂತಾಯಿತು. ಆ ಸಮಾಧಾನ ಅವಳನ್ನು ಹೆದರಿಸಿತು. ಇಷ್ಟು ದಿನ ತಾನು ಇದನ್ನು ಕಾಯುತ್ತಲೇ ಇದ್ದೆನೇ? ತಾಯಿಯ ಕಣ್ಣಿಗೆ ಮಗಳ ಕಣ್ಣು. ಇಷ್ಟು ಸರಳ ಲೆಕ್ಕ.

ಮರುದಿನ ಪ್ರಿಂಟರ್ ಜೋಡಿಸಲು ತೌಸಿಫ್ ಬಂದ. ಊರಿನ ಅರ್ಧ ಅಂಗಡಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ಕೂದಲು ನೆರೆಯತೊಡಗಿದವನು. ಅವಳ ಕುರ್ಚಿಯಲ್ಲಿ ಕುಳಿತು ಪರದೆ ನೋಡಿದವನೇ ಕನ್ನಡಕ ತೆಗೆದು ಒರೆಸಿಕೊಂಡ. ಮತ್ತೆ ಹಾಕಿಕೊಂಡು ನೋಡಿದ.

‘ಅಕ್ಕಾರ, ಇಷ್ಟು ದಿವಸ ಇದನ್ನ ನೋಡ್ಕೋತ ಕೆಲಸ ಮಾಡೀರೇನು? ಇದು ಪೂರಾ ಮಸುಕೈತಲ್ರಿ.’

ಪುಷ್ಪಲತಾ ಅವನ ಮುಖ ನೋಡಿದಳು. ನಿಮಗೂ ಮಸುಕು ಕಾಣತೈತೇನು ಎಂದು ಕೇಳಿದಳು, ಮತ್ತೊಮ್ಮೆ ಕೇಳಿದಳು. ಯಾರಿಗಿದ್ದರೂ ಕಾಣತೈತಿ ಎಂದು ಅವನು ನಕ್ಕ. ಪ್ರಿಂಟರನ್ನು ಬಿಟ್ಟು ಅವಳಿಗೆ ತಿಳಿಸಿ ಹೇಳತೊಡಗಿದ. ಈ ಪರದೆಯಲ್ಲಿ ಚುಕ್ಕಿಗಳು ವಿಪರೀತ, ಒಂದೊಂದೂ ವಿಪರೀತ ಸಣ್ಣವು, ಅದಕ್ಕೇ ಫೋಟೋ ಅಷ್ಟು ಚಂದ. ಹೊಸ ಪ್ರೋಗ್ರಾಮುಗಳಿಗೆ ಅದು ಗೊತ್ತು, ಎಲ್ಲವನ್ನೂ ದೊಡ್ಡದು ಮಾಡು ಎಂದರೆ ಅವು ದೊಡ್ಡ ಅಕ್ಷರವನ್ನು ಹೊಸದಾಗಿ ಬರೆಯುತ್ತವೆ. ನಿಮ್ಮ ಪ್ರೋಗ್ರಾಮು ಹಳೆಯದು, ಅದು ಇನ್ನೂ ಹಳೆಯ ಪರದೆಯಲ್ಲೇ ಇದ್ದೇನೆ ಅಂದುಕೊಂಡಿದೆ. ಅದು ತನ್ನ ಲೆಕ್ಕದಲ್ಲಿ ಸಣ್ಣ ಅಕ್ಷರ ಬರೆದು ಕೊಡುತ್ತದೆ, ಕಂಪ್ಯೂಟರು ಆ ಸಣ್ಣ ಅಕ್ಷರವನ್ನು ರಬ್ಬರಿನ ಹಾಗೆ ಎಳೆದು ದೊಡ್ಡದು ಮಾಡುತ್ತದೆ. ಎಳೆದಾಗ ನಡುವೆ ಸಂದು ಬೀಳುತ್ತದಲ್ಲ, ಅದನ್ನು ಅಂದಾಜಿನ ಮೇಲೆ ಬೂದು ಬಣ್ಣದಿಂದ ತುಂಬುತ್ತದೆ. ‘ಇಲ್ಲದ್ದನ್ನ ಇದ್ದಂಗ ತೋರಸ್ತೈತಿ ಅಷ್ಟರಿ. ಅಕ್ಷರದ್ದೂ ತಪ್ಪಲ್ಲ, ನಿಮ್ಮ ಕಣ್ಣಿಂದೂ ಅಲ್ಲ.’ ಅವನು ಪ್ರೋಗ್ರಾಮಿನ ಗುರುತಿನ ಮೇಲೆ ಒತ್ತಿ, ಎಲ್ಲೋ ಒಳಗೆ ಹೋಗಿ, ಇದನ್ನು ಎಳೆಯಬೇಡ, ತಾನಿದ್ದಂತೆಯೇ ಇರಲಿ ಎಂದು ಕಂಪ್ಯೂಟರಿಗೆ ಹೇಳುವ ಗೆರೆಗೆ ಗುರುತು ಹಾಕಿದ. ಮುಚ್ಚಿ ತೆರೆದಾಗ ಮೇಲಿನ ಪಟ್ಟಿಯ ಹೆಸರುಗಳು ಇರುವೆಗಳಾಗಿದ್ದವು. ಅದಕ್ಕೆ ಉಪಾಯವಿಲ್ಲ, ರೂಢಿ ಮಾಡಿಕೊಳ್ಳಿ, ಪುಟವನ್ನು ಮಾತ್ರ ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು ಎಂದು ಹಿಗ್ಗಿಸಿ ತೋರಿಸಿದ. ಅಂದಾನೆಪ್ಪನ ಅಡ್ಡಹೆಸರು ಕೂರಲಗಿನಿಂದ ಕೊರೆದಂತೆ ನಿಂತಿತು.

ಹಾಲೇಶಪ್ಪ ಇಷ್ಟಾಗಿದ್ದಕ್ಕೆ ತನ್ನನ್ನೇ ಬೈದುಕೊಂಡು, ಹೇಳಬಾರದಾ ಹುಚ್ಚಿ ಎಂದು ಅವಳಿಗೆ ಅಂದ. ಅವಳು ನಕ್ಕಳು. ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ಬರಬೇಕಾದ ಸಂತೋಷ ಬರಲಿಲ್ಲ. ಶಿಕ್ಷೆಗೆಂದು ನಿಂತವಳನ್ನು ಹೆಸರು ತಪ್ಪಾಗಿದೆ, ನೀನಲ್ಲ, ಮನೆಗೆ ಹೋಗು ಎಂದು ಕಳಿಸಿದಂತಾಗಿ, ಎಲ್ಲಿಗೆ ಹೋಗಬೇಕೋ ತಿಳಿಯದೆ ನಲ್ಲಿಯನ್ನು ನಿಲ್ಲಿಸಲೂ ಮರೆತು ನಿಂತಳು.

ಭಾನುವಾರ ಕರ್ಜಗಿಗೆ ಹೋದಳು. ಹಾವೇರಿಯಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಲೇ ಎಂದೂ ಅನಿಸಿತು. ಅಣ್ಣ ಅಲ್ಲಿ ಗೊಬ್ಬರದ ಅಂಗಡಿ ಇಟ್ಟ ಮೇಲೆ ಅವ್ವ ಅವನ ಸಂಸಾರದ ಜೊತೆಗೇ ಇದ್ದಳು. ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಕರಿಯವ್ವ ಹೆಜ್ಜೆಯ ಸಪ್ಪಳಕ್ಕೇ ಪುಷ್ಪಾ ಏನು ಎಂದಳು. ಅತ್ತಿಗೆ ಜ್ಯೋತಿಲಕ್ಷ್ಮಿ ಚಹಾ ಕೊಟ್ಟು ಒಳಗೆ ಹೋದಳು. ಪುಷ್ಪಲತಾ ಲ್ಯಾಪ್‌ಟಾಪಿನ ಕಥೆಯನ್ನು ನಗೆಚಾಟಿಕೆಯ ಹಾಗೆ ಹೇಳಿದಳು, ಹುಲ್ಲಿನೊಳಗಿನ ಮದುವೆಯನ್ನೂ ಹೇಳಿದಳು. ಅವ್ವ ಸುಲಿಯುತ್ತಲೇ ಕೇಳಿದಳು. ಕಾಳು ಬುಟ್ಟಿಗೆ, ಸಿಪ್ಪೆ ಮಡಿಲಿಗೆ, ಒಂದೂ ತಪ್ಪಲಿಲ್ಲ.

‘ಯಂತ್ರದ್ದ ತಪ್ಪಂದ್ರ ನಿನಗ ಕಣ್ಣಿನ ಅಂಜಿಕಿ ಯಾಕ ಬಂತು?’

‘ನಿನಗೂ ಮೊದಲ ಹಿಂಗ ಮಸುಕ ಕಾಣತಿತ್ತಲ್ಲ, ಯವ್ವಾ.’

ಕರಿಯವ್ವನ ಕೈ ನಿಂತಿತು. ‘ನನಗ ಯಾವಾಗ ಮಸುಕು ಕಾಣ್ತು? ನಡುವಿಂದು ಕಡೀತನಕ ನಿಚ್ಚಳ ಇತ್ತು. ಸೂಜಿ ಪೋಣಿಸತಿದ್ದೆ. ಬಾಜೂಕಿಂದು ಹೋತು. ಏನೋ ತಪ್ಪತೈತಿ ಅನಸತಿತ್ತು, ಹೋಗಿದ್ದು ಏನಂತ ನನಗ ಗೊತ್ತ ಆಗಲಿಲ್ಲ. ನನಗ ಕಂಡಷ್ಟ ಜಗತ್ತು ಅಂತ ತಿಳದಿದ್ದೆ.’

ಪುಷ್ಪಲತಾ ಸುಲಿಯದ ಒಂದು ಕಾಯಿ ಕೈಗೆತ್ತಿಕೊಂಡಳು. ಇಷ್ಟು ವರ್ಷ ತಾನು ಹೊತ್ತು ತಿರುಗಿದ್ದು ಅವ್ವನ ಕುರುಡನ್ನಲ್ಲ, ತಾನೇ ಕಟ್ಟಿಕೊಂಡ ಯಾವುದೋ ಮಸುಕನ್ನು. ಹೇಗೆ ಹೋಯಿತು, ಏನು ಕಾಣುತ್ತಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಅವ್ವ ಹೇಳಿಬಿಡುತ್ತಿದ್ದಳು, ಹೇಳಿದ್ದರೆ ಕೇಳಬೇಕಾಗುತ್ತಿತ್ತು. ಚಹಾದ ದಿನ ಕಾಲಿಗೆ ತಾಗಿದ ಆ ಮಣೆ ಬದಿಗೆ ಇತ್ತು. ಅವ್ವ ಅಂದು ಒಲೆಯ ಮುಂದೆ ಅಷ್ಟು ಗಮನವಿಟ್ಟು ನೋಡಿದ್ದು, ನಡುವಿನ ಅಷ್ಟಗಲದಲ್ಲಿ ತನ್ನ ಮುಖವೊಂದೇ ಇದ್ದದ್ದಕ್ಕೆ. ಅಷ್ಟರಲ್ಲಿ ಅವ್ವ ಮತ್ತೊಂದು ಕೇಳಿದಳು: ಬಾಜೂಕ ಬಂದು ನಿಂತವರು ನಿನಗ ಕಾಣತಾರೇನು? ಪುಷ್ಪಲತಾ ಹೂಂ ಎನ್ನಲು ಬಾಯಿ ತೆರೆದಳು. ಎಡಗಡೆಯಿಂದ ಬಂದ ಹಾಲೇಶಪ್ಪನ ಮಾತು, ತಾನು ಬೆಚ್ಚಿದ್ದು ನೆನಪಾಯಿತು. ಅದಕ್ಕೂ ಮೊದಲು ಎಷ್ಟು ಸಲ ಬೆಚ್ಚಿದ್ದೇನೆ, ಬಾಗಿಲಿಗೆ ಎಡಭುಜ ಎಷ್ಟು ಸಲ ತಾಗಿಸಿಕೊಂಡಿದ್ದೇನೆ, ಅದಕ್ಕೆ ಸಿದ್ದಲಿಂಗೇಶ ಎಷ್ಟು ಸಲ ನಕ್ಕಿದ್ದಾನೆ. ಅಂಗಳದ ಬಿಸಿಲು ಇದ್ದಂತೆಯೇ ಇತ್ತು. ಅದರ ಎಡ ಅಂಚು ಎಲ್ಲಿ ಮುಗಿಯುತ್ತದೆಂದು ನೋಡಲು ಹೋದರೆ ಅದು ಮುಗಿಯುತ್ತಲೇ ಇರಲಿಲ್ಲ. ಇಲ್ಲದ್ದು ಎಲ್ಲೂ ಕಾಣುತ್ತಿರಲಿಲ್ಲ.

‘ಯವ್ವಾ, ಆವಾಗ ನಾ ನಿನ್ನ ಕರಕೊಂಡು ಹೋಗಿದ್ರ ಕಣ್ಣು ಉಳೀತಿದ್ವೇನು?’

‘ಉಳೀತಿದ್ವು’ ಎಂದಳು ಕರಿಯವ್ವ. ಮಡಿಲಿನ ಸಿಪ್ಪೆ ಜಾಡಿಸುತ್ತ, ‘ನಾಳೆ ಹಾವೇರಿಗೆ ಹೋಗೂಣು. ನಾನೂ ಬರ್ತೇನಿ’ ಎಂದಳು.

ಆಸ್ಪತ್ರೆಯಲ್ಲಿ ಎಲ್ಲರೂ ಕರಿಯವ್ವನನ್ನೇ ರೋಗಿಯೆಂದುಕೊಂಡು ಕೈಹಿಡಿದು ಒಳಗೆ ಕರೆದರು. ಅವಳು ಮಗಳನ್ನು ಮುಂದಕ್ಕೆ ನೂಕಿ, ನನ್ನ ಬ್ಯಾನಿ ಇಕಿಗೂ ಬಂದೈತೇನು ನೋಡ್ರಿ ಎಂದು ಡಾಕ್ಟರಮ್ಮನಿಗೆ ಹೇಳಿದಳು. ಕಣ್ಣಿನ ಒತ್ತಡ ಅಳೆದ ಮೇಲೆ ಪುಷ್ಪಲತಾಳನ್ನು ಕತ್ತಲೆಯ ಕೋಣೆಯಲ್ಲಿ ಒಂದು ಬಿಳಿಯ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿದರು. ಬಲಗಣ್ಣಿಗೆ ಮುಚ್ಚಳ ಹಾಕಿಕೊಂಡು, ಗದ್ದ ಅದರ ಮೇಲಿಟ್ಟು, ನಡುವಿನ ದೀಪವನ್ನೇ ನೋಡುತ್ತ, ಸುತ್ತ ಎಲ್ಲಿ ಚುಕ್ಕಿ ಮಿನುಗಿದರೂ ಗುಂಡಿ ಒತ್ತಬೇಕು. ಬಲಗಡೆ ಮಿನುಗಿತು, ಒತ್ತಿದಳು. ಕೆಳಗೆ, ಒತ್ತಿದಳು. ಮತ್ತೆ ಬಲಗಡೆ. ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಯಂತ್ರ ಕೆಟ್ಟಿತೇನೋ ಎಂದುಕೊಂಡಳು. ಗೋಡೆಯಾಚೆ ಅವ್ವ ಯಾರ ಜೊತೆಗೋ ಮಾತಾಡುತ್ತಿರುವುದು ಕೇಳುತ್ತಿತ್ತು. ಕೆಟ್ಟಿಲ್ಲ ಎಂದು ಹೊಳೆದಾಗ ಅವಳ ಹೆಬ್ಬೆರಳು ಗುಂಡಿಯ ಮೇಲೆ ತಣ್ಣಗಾಯಿತು. ಕಾಣದ ಚುಕ್ಕಿಗಳಿಗೂ ಒತ್ತಿಬಿಡಲೇ ಎಂಬ ಆಸೆ ಬಂತು. ಒತ್ತಲಿಲ್ಲ. ಸುಮ್ಮನೆ ಕುಳಿತು ಕಾದಳು.

ಒತ್ತಡ ಹೆಚ್ಚಾಗಿತ್ತು. ಎಡಗಣ್ಣಿನ ಹೊರಗಿನ ಬದಿಯಲ್ಲಿ ಒಂದು ಪಾಲು ಆಗಲೇ ಹೋಗಿತ್ತು, ಬಲಗಣ್ಣು ನೆಟ್ಟಗಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು, ದಿನಾ ಸಂಜೆ ಎರಡೂ ಕಣ್ಣಿಗೆ ಒಂದೊಂದು ಹನಿ, ಬದುಕಿರುವತನಕ ಎಂದರು ಡಾಕ್ಟರಮ್ಮ. ಯಂತ್ರದ ಮಸುಕಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಅದರ ನೆಪದಲ್ಲಿ ಬಂದದ್ದು ಚೊಲೋ ಆಯಿತು ಅಂದರು. ಅಕ್ಷರ ಓದಾಕ ಬರತೈತೇನ್ರಿ ಎಂದು ಕರಿಯವ್ವ ಕೇಳಿದಳು. ಬರತೈತಿ, ಕೆಲಸ ಬಿಡೂದು ಬ್ಯಾಡ ಎಂದರು. ಹೊರಗೆ ಬಂದು ಪುಷ್ಪಲತಾ ಗಂಡನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಯಾವ ಹನಿ, ಎಷ್ಟು ಹೊತ್ತಿಗೆ ಎಂದು ಅವನು ಎರಡೆರಡು ಸಲ ಕೇಳಿಕೊಂಡ. ಆಮೇಲೆ, ಇವತ್ತು ಅವ್ವನ ಹತ್ತಿರ ಇದ್ದು ಬಾ ಎಂದ.

ಹೊತ್ತು ಮುಳುಗುವ ಮುಂಚೆ ಕರ್ಜಗಿಯ ಮನೆಯ ಪಡಸಾಲೆಯಲ್ಲಿ ಅವಳು ಹನಿ ಹಾಕಿಕೊಳ್ಳಲು ನೋಡಿದಳು. ಮೊದಲನೆಯದು ಕೆನ್ನೆಗೆ ಬಿತ್ತು, ಎರಡನೆಯದು ಹುಬ್ಬಿಗೆ. ಅವ್ವ, ವ್ಯರ್ಥ ಮಾಡಬ್ಯಾಡ, ಕೊಡಿಲ್ಲಿ ಎಂದು ಕೈ ಚಾಚಿದಳು. ಬೆಳಕೊಂದಿಷ್ಟು ಉಳಿದಿದ್ದ ಒಂದು ಕಣ್ಣಿಗೆ ಅವಳು ವರ್ಷಾನುಗಟ್ಟಲೆ ತಾನೇ ಹನಿ ಹಾಕಿಕೊಳ್ಳುತ್ತಿದ್ದಳು. ಪುಷ್ಪಲತಾ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಕರಿಯವ್ವನ ಬೆರಳು ಹಣೆಯಿಂದ ಇಳಿದು, ಮೂಗಿನ ಪಕ್ಕ ದಾರಿ ಮಾಡಿಕೊಂಡು, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆಯಿತು. ಹನಿ ಸರಿಯಾಗಿ ಒಳಗೆ ಬಿತ್ತು. ಔಷಧ ಗಂಟಲಿಗೆ ಇಳಿಯಬಾರದೆಂದು ಅವಳು ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದಳು.

ಆ ಬೆರಳಿನ ಕೆಳಗೆ ಕಣ್ಣು ಮುಚ್ಚಿಕೊಂಡು ಪುಷ್ಪಲತಾ, ಇಷ್ಟು ವರ್ಷ ಕೇಳದಿದ್ದದ್ದನ್ನು ಕೇಳಿದಳು.

‘ಯವ್ವಾ, ನನ್ನ ಮುಖ ಹೆಂಗ ನೆನಪೈತಿ ನಿನಗ?’

ಕರಿಯವ್ವ ತಡೆದು ತಡೆದು ಹೇಳಿದಳು. ‘ಮೊದಲ ಇತ್ತವಾ. ಭಾಳ ದಿವಸ ಇತ್ತು. ಆಮ್ಯಾಲ ಒಂದೊಂದ ಹೋದ್ವು. ಮೂಗು ಹೋತು, ನಗೂದು ಹೋತು. ಈಗ ಯಾವುದೂ ಇಲ್ಲ. ನೀ ಮಾತಾಡಿದ್ರ ನೀ, ಅಷ್ಟ.’

ಒಲೆಯ ಮುಂದಿನ ಆ ಮುಖವೂ ಇಲ್ಲ. ಅವ್ವ ಅದನ್ನು ಎಂದೋ ಕಳೆದುಕೊಂಡು ಕುಳಿತಿದ್ದಾಗ, ಅದನ್ನು ದಿನವೂ ನೋಡುತ್ತಿದ್ದವಳು ತಾನೊಬ್ಬಳೇ. ಇನ್ನು ಮುಂದೆಯೂ ತಾನೊಬ್ಬಳೇ. ಅಳು ಬಂದರೆ ಹನಿ ತೊಳೆದು ಹೋದೀತೆಂದು ಅವಳು ಉಸಿರು ಬಿಗಿಹಿಡಿದಳು. ತೊಡೆಯ ಮೇಲಿನ ತಲೆ ನಡುಗಿದ್ದು ಕರಿಯವ್ವನಿಗೆ ತಿಳಿಯಿತು. ಅವಳು ಬೆರಳು ತೆಗೆದು, ತಡಕಾಡದೆ, ಈಚೆಯ ರೆಪ್ಪೆಗೆ ಬಂದಳು.

‘ಅಲುಗಾಡಬ್ಯಾಡ’ ಎಂದಳು. ‘ಇನ್ನೊಂದು ಕಣ್ಣು ಐತಿ.’